ಕೆರೆಯಂಗಳದ ಕಂಠೀರವ

ಕಬ್ಬನ್ ಪಾರ್ಕ್ ಬಿಟ್ಟು ಕಸ್ತೂರ್ಬಾ ರಸ್ತೆ ದಾಟಿ ಶ್ರೀ ಕಂಠೀರವ ಕ್ರೀಡಾಂಗಣದ ಕಡೆ ಹೊರಟರೆ ಕಾಲು ತಾನಾಗಿಯೇ ಇಳಿಜಾರು ಹಿಡಿಯುತ್ತದೆ. ಸುತ್ತಲ ನೀರೆಲ್ಲ ಹರಿದುಬಂದು ನಿಲ್ಲುತ್ತಿದ್ದ ತಗ್ಗು ಇದು. ಇಲ್ಲಿದ್ದದ್ದು ಸಂಪಂಗಿ ಕೆರೆ. ಪಕ್ಕದ ಬಡಾವಣೆ ಇವತ್ತಿಗೂ ಸಂಪಂಗಿರಾಮನಗರ.

ಒಂದು ಕಡೆ ಪೇಟೆ, ಇನ್ನೊಂದು ಕಡೆ ಬ್ರಿಟಿಷರ ದಂಡು. ನಡುವೆ ಬಿದ್ದ ಈ ಕೆರೆಯ ಮೇಲೆ ಎಲ್ಲರಿಗೂ ಕಣ್ಣು. ನೀರನ್ನೇ ನಂಬಿ ಹೂವು, ತರಕಾರಿ ಬೆಳೆಯುತ್ತಿದ್ದ ತಿಗಳರಿಗೆ ಕೆರೆ ತುಂಬಿರಬೇಕು. ಪೋಲೊ ಆಡುವ ದಂಡಿನ ಸಾಹೇಬರಿಗೆ ಅಂಗಳ ಒಣಗಿರಬೇಕು. ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಹೆಸರಘಟ್ಟದಿಂದ ಕೊಳಾಯಿ ನೀರು ಊರಿಗೆ ಬಂತು. ಕೆರೆ ಯಾರಿಗೂ ಬೇಡವಾಯಿತು, ತಿಗಳರೊಬ್ಬರ ಹೊರತು. ಅವರ ಮಾತು ನಡೆಯಲಿಲ್ಲ. ಕುದುರೆ ಓಡಿದ ಅಂಗಳವೇ ಮುಂದೆ ಆಟದ ಬಯಲಾಯಿತು, ಆಮೇಲೆ ಕ್ರೀಡಾಂಗಣ.

ಕೆರೆ ಪೂರ್ತಿ ಹೋಗಿಲ್ಲ. ಆವರಣದಲ್ಲೇ ಒಂದು ಸಣ್ಣ ಕೊಳ ಉಳಿದಿದೆ, ಕರಗ ಉತ್ಸವದ ವಿಧಿಗಳಿಗೆಂದು. ಚೈತ್ರದ ಹುಣ್ಣಿಮೆ ಬಂದಾಗ ತಿಗಳ ಸಮುದಾಯದವರು ಇಲ್ಲಿಗೆ ಬರುತ್ತಾರೆ. ಪಂದ್ಯ ನೋಡಲು ಬರುವ ಹುಡುಗರಲ್ಲಿ ಎಷ್ಟು ಜನ ಈ ನೀರನ್ನು ತಿರುಗಿ ನೋಡಿರುತ್ತಾರೋ! ಮೈದಾನಕ್ಕಿಂತ ಮೊದಲು ಇದನ್ನು ನೋಡಿ ಎನ್ನುವುದು ನನ್ನ ಸಲಹೆ.

ಒಳಗೆ ಬಂದರೆ ಮೊದಲು ಕಣ್ಣಿಗೆ ಬೀಳುವುದು ಹಸಿರಲ್ಲ, ಓಟದ ಟ್ರ್ಯಾಕ್. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ರೂಪ ಪಡೆದ ಕ್ರೀಡಾಂಗಣ ಇದು. ಫುಟ್‌ಬಾಲ್ ಬಂದದ್ದು ಟ್ರ್ಯಾಕಿನ ನಡುವಿನ ಹುಲ್ಲಿಗೆ. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯದ ಹೆಸರಿನಲ್ಲೇ ನಾಲ್ಕು ಸಲ ಗೆದ್ದ ಊರಿನ ಆಟಕ್ಕೆ ಇದು ತವರೇನಲ್ಲ. ಆ ಮಾತು ಸಲ್ಲಬೇಕಾದದ್ದು ಆಸ್ಟಿನ್ ಟೌನ್, ಗೌತಮಪುರದ ಗಲ್ಲಿಗಳಿಗೆ, ಅಶೋಕನಗರದ ಹಳೆಯ ಫುಟ್‌ಬಾಲ್ ಸ್ಟೇಡಿಯಂಗೆ. ಬೆಂಗಳೂರು ಎಫ್‌ಸಿ ಕೂಡ 2013ರಲ್ಲಿ ಕಣ್ಣುಬಿಟ್ಟದ್ದು ಅಶೋಕನಗರದಲ್ಲೇ. ಮೊದಲ ವರ್ಷವೇ ಐ-ಲೀಗ್ ಗೆದ್ದು, ಮರುವರ್ಷ ಇಲ್ಲಿಗೆ ಬಿಡಾರ ಬದಲಿಸಿತು.

ಪಶ್ಚಿಮದ ಗ್ಯಾಲರಿಗೆ ಹತ್ತಿ. ನೀಲಿ ಅಂಗಿಯ ಅಭಿಮಾನಿ ಬಳಗ ‘ವೆಸ್ಟ್ ಬ್ಲಾಕ್ ಬ್ಲೂಸ್’ ತೊಂಬತ್ತು ನಿಮಿಷವೂ ನಿಂತೇ ಹಾಡುವ ಜಾಗ. 2016ರ ಅಕ್ಟೋಬರ್ 19ರ ರಾತ್ರಿ ಎಎಫ್‌ಸಿ ಕಪ್ ಸೆಮಿಫೈನಲ್‌ನಲ್ಲಿ ಹಾಲಿ ಚಾಂಪಿಯನ್, ಮಲೇಷ್ಯಾದ ಜೊಹೊರ್ ತಂಡ ಇಲ್ಲಿ 3-1ರಿಂದ ಸೋತಿತು. ಬೆಂಗಳೂರಿಗೆ ಸುನಿಲ್ ಚೆಟ್ರಿ ಎರಡು ಗೋಲು, ಹುವಾನನ್ ಒಂದು. ಆ ಟೂರ್ನಿಯ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ ಎನ್ನುವ ಹೆಸರು ಅಂದು ಬಂತು. ದೋಹಾದ ಫೈನಲ್‌ನಲ್ಲಿ ಇರಾಕಿನ ಏರ್‌ಫೋರ್ಸ್ ಕ್ಲಬ್ ಒಂದು ಗೋಲಿನಿಂದ ಗೆದ್ದಿತೆನ್ನುವುದು ಬೇರೆ ಮಾತು.

ಪೆನಾಲ್ಟಿ ಬಾಕ್ಸಿನ ಅಂಚಿಗೆ ನನ್ನ ದೃಷ್ಟಿ ಮತ್ತೆ ಮತ್ತೆ ಹೋಗುತ್ತದೆ. 2023ರ ಮಾರ್ಚ್ 3, ಕೇರಳ ಬ್ಲಾಸ್ಟರ್ಸ್ ಜತೆ ಐಎಸ್‌ಎಲ್ ನಾಕೌಟ್, ಹೆಚ್ಚುವರಿ ಸಮಯ. ಎದುರಾಳಿಗಳು ಇನ್ನೂ ಗೋಡೆ ಕಟ್ಟಿ ನಿಂತಿರಲಿಲ್ಲ. ಚೆಟ್ರಿ ಫ್ರೀ ಕಿಕ್ ಒದ್ದೇಬಿಟ್ಟರು. ಗೋಲು. ರೆಫ್ರಿ ಒಪ್ಪಿದರು, ಬ್ಲಾಸ್ಟರ್ಸ್ ಕೋಚ್ ಒಪ್ಪಲಿಲ್ಲ, ತಮ್ಮ ಹುಡುಗರನ್ನು ಕರೆದುಕೊಂಡು ಹೊರಟೇಹೋದರು. ಆ ಹೊರನಡಿಗೆಗೆ ಕ್ಲಬ್ಬಿಗೆ ಬಿದ್ದ ದಂಡ ನಾಲ್ಕು ಕೋಟಿ ರೂಪಾಯಿ. ನಿಯಮ ಚೆಟ್ರಿಯ ಕಡೆಗಿತ್ತು, ನಿಜ. ಆದರೂ ಆ ಗೋಲಿನ ಸಂಭ್ರಮದಲ್ಲಿ ಸ್ವಲ್ಪ ಪೆಚ್ಚು ಬೆರೆತಿತ್ತೆಂದೇ ನನಗೆ ಅನ್ನಿಸುವುದು.

ನಾಲ್ಕೇ ತಿಂಗಳಲ್ಲಿ ಅದೇ ನೆಲ ದೇಶದ್ದಾಯಿತು. ಸ್ಯಾಫ್ ಚಾಂಪಿಯನ್‌ಷಿಪ್‌ನಲ್ಲಿ ಪಾಕಿಸ್ತಾನದ ವಿರುದ್ಧ 4-0, ಅದರಲ್ಲಿ ಮೂರು ಚೆಟ್ರಿಯವು. ಜುಲೈ 4ರ ಫೈನಲ್‌ನಲ್ಲಿ ಕುವೈತ್ ಜತೆ 1-1. ಪೆನಾಲ್ಟಿಯಲ್ಲಿ ಗುರುಪ್ರೀತ್ ಸಿಂಗ್ ಸಂಧು ಕೊನೆಯ ಒದೆತ ತಡೆದಾಗ ಕಪ್ ಇಲ್ಲೇ ಉಳಿಯಿತು.

ಇಷ್ಟೆಲ್ಲದರ ನಡುವೆ ನೆಲದ ತಕರಾರೂ ಇತ್ತು. ಫುಟ್‌ಬಾಲ್‌ಗೆ ಮೈದಾನ ಕೊಟ್ಟರೆ ನಾವೆಲ್ಲಿ ಓಡುವುದು, ಎಲ್ಲಿ ಜಾವೆಲಿನ್ ಎಸೆಯುವುದು ಎಂದು ಅಥ್ಲೀಟ್‌ಗಳ ಪರವಾಗಿ ಕೋಚ್‌ಗಳು ಹೈಕೋರ್ಟ್ ಮೆಟ್ಟಿಲು ಹತ್ತಿದರು. ಒಂದು ಹಂತದಲ್ಲಿ ಬೆಂಗಳೂರು ಎಫ್‌ಸಿ ಬೇರೆ ಊರಿನಲ್ಲಿ ಮೈದಾನ ಹುಡುಕುವ ಯೋಚನೆಯನ್ನೂ ಮಾಡಿತ್ತು. ಇಬ್ಬರದೂ ನ್ಯಾಯವೇ. ತಪ್ಪು, ಇಷ್ಟು ದೊಡ್ಡ ಊರಿನಲ್ಲಿ ಇಬ್ಬರಿಗೂ ಒಂದೇ ಅಂಗಳ ತೋರಿಸಿದವರದು. ದೊಡ್ಡ ಪಂದ್ಯ ಹಿಡಿಸುವಂಥ, ಫುಟ್‌ಬಾಲ್‌ಗೆಂದೇ ಇರುವ ಕ್ರೀಡಾಂಗಣ ಬೆಂಗಳೂರಿಗೆ ಇನ್ನೂ ಬರಬೇಕಿದೆ. ಅಲ್ಲಿಯವರೆಗೆ ಗ್ಯಾಲರಿಯವರು ಇಡೀ ಟ್ರ್ಯಾಕಿನ ಆಚೆಗಿರುವ ಗೋಲನ್ನು ಕಣ್ಣು ಕಿರಿದು ಮಾಡಿಕೊಂಡೇ ನೋಡಬೇಕು.