ಸದ್ದಿಲ್ಲದ ಕೂಲರ್

ಪ್ರೊಸೆಸರನ್ನು ತಂಪಾಗಿಡುವ ಕೂಲರಿನ ಸದ್ದು ಬಹುಮಟ್ಟಿಗೆ ಫ್ಯಾನಿನ ವೇಗವನ್ನು ಅವಲಂಬಿಸಿದ್ದು, ಒಂದೇ ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಸದ್ದು ಸುಮಾರು 15 ಡೆಸಿಬಲ್‌ನಷ್ಟು ತಗ್ಗುವುದರಿಂದ, ಭರ್ರೆಂದು ತಿರುಗುವ ಚಿಕ್ಕ ಫ್ಯಾನಿಗಿಂತ ನಿಧಾನವಾಗಿ ತಿರುಗಿಯೂ ಸಾಕಷ್ಟು ಗಾಳಿ ತಳ್ಳುವ 120 ಮಿ.ಮೀ. ಫ್ಯಾನೇ ಮೇಲು.

ಆಸ್ಟ್ರಿಯಾದ ನಾಕ್ಟುವಾ ಕಂಪನಿಯ ಎನ್‌ಎಚ್-ಯು12ಎಸ್ ಇಂಥದೊಂದು ಮಾದರಿ. ಅದರ ತಳದಿಂದ ಮೇಲೇಳುವ ಐದು ಹೀಟ್ ಪೈಪ್‌ಗಳಲ್ಲಿ, ಅಂದರೆ ಎರಡೂ ತುದಿ ಮುಚ್ಚಿದ ತಾಮ್ರದ ಕೊಳವೆಗಳಲ್ಲಿ, ಕಡಿಮೆ ಒತ್ತಡದಲ್ಲಿರುವ ತುಸು ದ್ರವವು ಪ್ರೊಸೆಸರಿನ ಬಿಸಿಗೆ ಆವಿಯಾಗಿ, ಮೇಲಿನ ಅಲ್ಯೂಮಿನಿಯಂ ಹಾಳೆಗಳಿಗೆ ಶಾಖವನ್ನು ಬಿಟ್ಟುಕೊಟ್ಟು ಮತ್ತೆ ದ್ರವವಾಗಿ, ದೀಪದ ಬತ್ತಿಯಲ್ಲಿ ಎಣ್ಣೆ ಹರಿಯುವಂತೆ ಒಳಗೋಡೆಯ ಸೂಕ್ಷ್ಮರಂಧ್ರಗಳ ಪದರದ ಮೂಲಕ ತಳಕ್ಕೆ ಮರಳುತ್ತದೆ. ಈ ಕೂಲರಿನ ಎತ್ತರ 158 ಮಿ.ಮೀ. ಆದ್ದರಿಂದ ಕ್ಯಾಬಿನೆಟ್ಟಿನ ಒಳಜಾಗವನ್ನು ಅಳೆಯದೆ ಕೊಂಡರೆ ಪಕ್ಕದ ಬಾಗಿಲು ಮುಚ್ಚದೇ ಹೋದೀತು.

ಮದರ್‌ಬೋರ್ಡಿನ ನಾಲ್ಕು ಪಿನ್ನಿನ ಜಾಗಕ್ಕೆ ಫ್ಯಾನನ್ನು ಜೋಡಿಸಿದರೆ, ತಾಪಕ್ಕೆ ತಕ್ಕಂತೆ ವೇಗ ಏರಿಳಿಯುವ ಹಾಗೆ ಬಯೋಸ್‌ನಲ್ಲಿ ಹೊಂದಿಸಬಹುದು. 65 ವ್ಯಾಟ್‌ನ ಸಾಮಾನ್ಯ ಪ್ರೊಸೆಸರಿಗೆ ನೀರು ಹರಿಸುವ ಕೂಲರ್ ಆಡಂಬರವೇ ಸರಿ. ಅಲ್ಲಿ ಫ್ಯಾನಿನ ಜೊತೆಗೆ ಪಂಪಿನ ಸದ್ದೂ ಸೇರಿಕೊಳ್ಳುತ್ತದೆ. ಗಾಳಿಯ ಕೂಲರಾಗಲಿ ನೀರಿನ ಕೂಲರಾಗಲಿ ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಂಪಾಗಿಸಲಾರದು. ಹಾಗಾಗಿ ಕಲಬುರಗಿಯ ಬೇಸಿಗೆಯಲ್ಲಿ ಅದೇ ಕೂಲರಿನ ಫ್ಯಾನು ಮಡಿಕೇರಿಯಲ್ಲಿಗಿಂತ ಹೆಚ್ಚು ವೇಗವಾಗಿ ತಿರುಗಬೇಕಾಗುತ್ತದೆ.