ಜಿದಾನ್‌ಗೆ ದಾರಿ ಬಿಡದ ಲ್ಯಾಂಬರ್ಟ್

ಜಿನೆದಿನ್ ಜಿದಾನ್ ಹೆಸರು ಕೇಳದ ಫುಟ್‌ಬಾಲ್ ಪ್ರೇಮಿ ಸಿಗುವುದು ಕಷ್ಟ. ಪಾಲ್ ಲ್ಯಾಂಬರ್ಟ್ ಹೆಸರು ಕೇಳಿದವರು ಸಿಗುವುದು ಅದಕ್ಕಿಂತ ಕಷ್ಟ. ಆದರೂ 1997ರ ಮೇ 28ರ ರಾತ್ರಿ ಮ್ಯೂನಿಕ್‌ನ ಒಲಿಂಪಿಕ್ ಕ್ರೀಡಾಂಗಣದಲ್ಲಿ ಜಿದಾನ್ ಮಂಕಾದದ್ದು ಈ ಲ್ಯಾಂಬರ್ಟ್ ಎದುರು. ಅದು ಚಾಂಪಿಯನ್ಸ್ ಲೀಗ್ ಫೈನಲ್. ಹಿಂದಿನ ವರ್ಷ ಕಪ್ ಗೆದ್ದಿದ್ದ ಯುವೆಂಟಸ್ ಒಂದು ಕಡೆ, ಜರ್ಮನಿಯ ಬೊರುಸಿಯಾ ಡಾರ್ಟ್‌ಮುಂಡ್ ಇನ್ನೊಂದು ಕಡೆ. ಜಿದಾನ್‌ಗೆ ಚೆಂಡು ಸಿಕ್ಕಾಗಲೆಲ್ಲ ಮುಂದೆ ಒಬ್ಬ ಸ್ಕಾಟ್ಲೆಂಡಿನವರು ನಿಂತಿರುತ್ತಿದ್ದರು. ಡಾರ್ಟ್‌ಮುಂಡ್‌ನ ಮೊದಲ ಗೋಲಿಗೆ ಸ್ಟ್ರೈಕರ್ ರೀಡ್ಲೆಯತ್ತ ಚೆಂಡು ಹಾಯಿಸಿದವರೂ ಅವರೇ. ಪಂದ್ಯ 3–1ರಲ್ಲಿ ಮುಗಿಯಿತು. ಬ್ರಿಟನ್ನಿನ ಹೊರಗಿನ ಕ್ಲಬ್ಬಿಗೆ ಆಡಿ ಚಾಂಪಿಯನ್ಸ್ ಲೀಗ್ ಗೆದ್ದ ಮೊದಲ ಬ್ರಿಟಿಷ್ ಆಟಗಾರ ಎಂಬ ದಾಖಲೆ ಲ್ಯಾಂಬರ್ಟ್ ಹೆಸರಿಗೆ ಬಿತ್ತು.

ಅದಕ್ಕೆ ಒಂದು ವರ್ಷ ಹಿಂದೆ ಅವರ ಕೈಯಲ್ಲಿ ಕೆಲಸವೇ ಇರಲಿಲ್ಲ.

1969ರಲ್ಲಿ ಹುಟ್ಟಿದ ಲ್ಯಾಂಬರ್ಟ್ ಬೆಳೆದದ್ದು ಗ್ಲಾಸ್ಗೋ ಪಕ್ಕದ ಲಿನ್‌ವುಡ್‌ನಲ್ಲಿ. ಹದಿನೇಳು ವರ್ಷಕ್ಕೇ ಸೇಂಟ್ ಮಿರೆನ್ ತಂಡದಲ್ಲಿದ್ದು 1987ರ ಸ್ಕಾಟಿಷ್ ಕಪ್ ಗೆದ್ದರು. ಆಮೇಲೆ ಮದರ್‌ವೆಲ್ ಸೇರಿದರು. 1996ರಲ್ಲಿ ಅಲ್ಲಿನ ಒಪ್ಪಂದ ಮುಗಿಯಿತು. ಅದಕ್ಕೆ ಕೆಲವೇ ತಿಂಗಳ ಮುಂಚೆ ಬಾಸ್ಮನ್ ತೀರ್ಪು ಬಂದಿತ್ತು: ಒಪ್ಪಂದ ಮುಗಿದ ಆಟಗಾರ ಯುರೋಪ್ ಒಕ್ಕೂಟದ ಯಾವ ದೇಶದ ಕ್ಲಬ್ಬಿಗಾದರೂ ಹಣದ ತಕರಾರಿಲ್ಲದೆ ಹೋಗಬಹುದು. ಲ್ಯಾಂಬರ್ಟ್ ಮೊದಲು ಹಾಲೆಂಡಿನ ಪಿಎಸ್‌ವಿಯಲ್ಲಿ ಟ್ರಯಲ್ ಕೊಟ್ಟರು, ಕೆಲಸ ಆಗಲಿಲ್ಲ. ನಂತರ ಡಾರ್ಟ್‌ಮುಂಡ್‌ಗೆ ಹೋದರು. ಎರಡು ವರ್ಷ ಮೊದಲು ಯುಇಎಫ್‌ಎ ಕಪ್‌ನಲ್ಲಿ ಮದರ್‌ವೆಲ್ಲನ್ನು ಸೋಲಿಸಿದ್ದ ತಂಡವದು. ಇಪ್ಪತ್ತಾರರ ವಯಸ್ಸಿನಲ್ಲಿ ಭಾಷೆ ಗೊತ್ತಿಲ್ಲದ ದೇಶಕ್ಕೆ ಪರೀಕ್ಷೆ ಬರೆಯಲು ಹೋಗುವುದಕ್ಕೆ ಒಂದಿಷ್ಟು ಹುಂಬತನವೂ ಬೇಕು.

ಕೋಚ್ ಒಟ್ಮಾರ್ ಹಿಟ್ಸ್‌ಫೆಲ್ಡ್ ಅವರನ್ನು ಮಿಡ್‌ಫೀಲ್ಡ್‌ನ ಹಿಂಭಾಗಕ್ಕೆ ಎಳೆದು, ರಕ್ಷಕರ ಮುಂದೆ ನಿಲ್ಲಿಸಿದರು. ಮದರ್‌ವೆಲ್‌ನಲ್ಲಿ ಮುನ್ನುಗ್ಗಿ ಆಡುತ್ತಿದ್ದ ಲ್ಯಾಂಬರ್ಟ್‌ಗೆ ಇಲ್ಲಿ ಕೊಟ್ಟದ್ದು ಕಾವಲುಗಾರನ ಕೆಲಸ. ಎದುರಾಳಿಯ ಪಾಸ್ ಎಲ್ಲಿಗೆ ಬೀಳಬಹುದೆಂದು ಊಹಿಸಿ ಮೊದಲೇ ಅಲ್ಲಿರಬೇಕು, ಚೆಂಡು ಸಿಕ್ಕ ಕೂಡಲೇ ತನಗಿಂತ ಚೆನ್ನಾಗಿ ಆಡುವವರಿಗೆ ದಾಟಿಸಬೇಕು. ಟೀವಿಯ ಮುಖ್ಯಾಂಶಗಳಲ್ಲಿ ಇಂಥ ಆಟ ಕಾಣುವುದೇ ಇಲ್ಲ. ಆದರೆ ಮಟಿಯಾಸ್ ಸಮರ್, ಆಂಡ್ರಿಯಾಸ್ ಮೊಲರ್, ಪೌಲೊ ಸೌಸಾ ಅವರಂಥ ಘಟಾನುಘಟಿಗಳಿದ್ದ ತಂಡಕ್ಕೆ ಬೇಕಾಗಿದ್ದದ್ದು ಅದೇ. ಡಾರ್ಟ್‌ಮುಂಡ್‌ನಲ್ಲಿ ಅವರಿದ್ದದ್ದು ಒಂದೂವರೆ ವರ್ಷಕ್ಕೂ ಕಡಿಮೆ. 1997ರ ನವೆಂಬರಿನಲ್ಲಿ ಬೀಳ್ಕೊಡುವಾಗ ತುಂಬಿದ ಕ್ರೀಡಾಂಗಣ ಅವರನ್ನು ಅಳಿಸಿಯೇ ಕಳಿಸಿತು.

ತವರಿಗೆ ಮರಳಿ ಸೆಲ್ಟಿಕ್ ಸೇರಿದ ಮೊದಲ ಋತುವಿನಲ್ಲೇ ಲೀಗ್ ಪ್ರಶಸ್ತಿ ಬಂತು. ಸತತ ಹತ್ತನೇ ಪ್ರಶಸ್ತಿಯತ್ತ ಹೊರಟಿದ್ದ ಕಡುವೈರಿ ರೇಂಜರ್ಸ್ ಓಟ ಅಲ್ಲಿಗೆ ನಿಂತಿತು. ಇದರ ಬೆಲೆ ಗ್ಲಾಸ್ಗೋದವರಿಗಷ್ಟೇ ಗೊತ್ತು! ಒಟ್ಟು ನಾಲ್ಕು ಲೀಗ್ ಪ್ರಶಸ್ತಿಗಳು, ತಂಡದ ನಾಯಕತ್ವ, 1998ರ ವಿಶ್ವಕಪ್‌ನ ಉದ್ಘಾಟನಾ ಪಂದ್ಯದಲ್ಲಿ ಬ್ರೆಜಿಲ್ ವಿರುದ್ಧ ಆಟ, ದೇಶದ ಪರ 40 ಪಂದ್ಯಗಳು. 2003ರಲ್ಲಿ ಸೆವಿಲ್ಲಾದಲ್ಲಿ ನಡೆದ ಯುಇಎಫ್‌ಎ ಕಪ್ ಫೈನಲ್‌ನಲ್ಲಿ ಮಾತ್ರ ಜೋಸೆ ಮೊರಿನ್ಯೊ ಅವರ ಪೋರ್ಟೊ ಎದುರು ಹೆಚ್ಚುವರಿ ಸಮಯದಲ್ಲಿ 3–2ರ ಸೋಲು.

ಆಟ ಮುಗಿಯುವ ಹೊತ್ತಿಗೆ ಲ್ಯಾಂಬರ್ಟ್ ಜರ್ಮನಿಗೆ ಹೋಗಿ ಕೋಚಿಂಗ್ ಲೈಸೆನ್ಸ್ ಪಡೆದರು. ಬ್ರಿಟನ್ನಿನ ಆಟಗಾರರು ಸಾಮಾನ್ಯವಾಗಿ ಹಿಡಿಯುವ ದಾರಿಯಲ್ಲ ಅದು. ಲೈಸೆನ್ಸ್ ಇದ್ದ ಮಾತ್ರಕ್ಕೆ ಪಂದ್ಯ ಗೆಲ್ಲುವುದಿಲ್ಲ. 2005ರಲ್ಲಿ ವಹಿಸಿಕೊಂಡ ಲಿವಿಂಗ್‌ಸ್ಟನ್ ಸೋಲಿನ ಮೇಲೆ ಸೋಲು ಕಂಡಿತು, ಮುಂದಿನ ಫೆಬ್ರುವರಿಯಲ್ಲಿ ಅವರೇ ರಾಜೀನಾಮೆ ಕೊಟ್ಟರು. ಮುಂದಿನ ಕೆಲಸ ಇಂಗ್ಲೆಂಡಿನ ನಾಲ್ಕನೇ ದರ್ಜೆಯ ವಿಕಂಬ್ ವಾಂಡರರ್ಸ್‌ನದು. ಆ ಪುಟ್ಟ ತಂಡ 2007ರ ಜನವರಿಯಲ್ಲಿ ಲೀಗ್ ಕಪ್ ಸೆಮಿಫೈನಲ್ ತಲುಪಿ, ತನ್ನ ಅಂಗಳದಲ್ಲಿ ಚೆಲ್ಸಿಯನ್ನು 1–1ಕ್ಕೆ ತಡೆಯಿತು. ಎರಡನೇ ಲೆಗ್‌ನಲ್ಲಿ ನಾಲ್ಕು ಗೋಲು ತಿಂದದ್ದು ಬೇರೆ ಮಾತು.

ಇನ್ನು 2009ರ ಆಗಸ್ಟ್ 8. ಮೂರನೇ ದರ್ಜೆಗೆ ಸುಮಾರು ಅರ್ಧ ಶತಮಾನದ ನಂತರ ಕುಸಿದಿದ್ದ ನಾರ್ವಿಚ್ ಸಿಟಿಗೆ ತನ್ನದೇ ಅಂಗಳ ಕ್ಯಾರೋ ರೋಡ್‌ನಲ್ಲಿ ಋತುವಿನ ಮೊದಲ ಪಂದ್ಯ. ಎದುರಾಳಿ, ವಿಕಂಬ್ ಬಿಟ್ಟ ಮೇಲೆ ಲ್ಯಾಂಬರ್ಟ್ ವಹಿಸಿಕೊಂಡು ಪಳಗಿಸಿದ್ದ ಕಾಲ್ಚೆಸ್ಟರ್ ಯುನೈಟೆಡ್. ಫಲಿತಾಂಶ: ಕಾಲ್ಚೆಸ್ಟರ್ 7, ನಾರ್ವಿಚ್ 1. ಪಂದ್ಯ ಅರ್ಧಕ್ಕೆ ಬರುವ ಮೊದಲೇ ಅಭಿಮಾನಿಗಳು ಮೈದಾನಕ್ಕಿಳಿದು ಸೀಸನ್ ಟಿಕೆಟ್ ಹರಿದು ಎಸೆದರು. ಆ ವಾರ ಕಳೆಯುವುದರೊಳಗೆ ನಾರ್ವಿಚ್ ತನ್ನ ಮ್ಯಾನೇಜರ್ ಬ್ರಯಾನ್ ಗನ್ ಅವರನ್ನು ತೆಗೆಯಿತು. ಹತ್ತು ದಿನಕ್ಕೆ ಆ ಕುರ್ಚಿಯಲ್ಲಿ ಕೂತವರು ಯಾರು? ಏಳು ಗೋಲು ಹೊಡೆಸಿದ ಲ್ಯಾಂಬರ್ಟ್! ಕಾಲ್ಚೆಸ್ಟರ್‌ನವರು ಕೆಂಡವಾದರು. ಜನವರಿಯಲ್ಲಿ ಲ್ಯಾಂಬರ್ಟ್ ಹೊಸ ತಂಡದೊಂದಿಗೆ ಅಲ್ಲಿಗೇ ಹೋಗಿ 5–0ಯಿಂದ ಗೆದ್ದು ಬಂದರು.

ನಾರ್ವಿಚ್ ಆ ವರ್ಷ 95 ಅಂಕಗಳೊಂದಿಗೆ ಮೂರನೇ ದರ್ಜೆ ಗೆದ್ದಿತು. ಮರುವರ್ಷ ಎರಡನೇ ದರ್ಜೆಯಲ್ಲಿ ಎರಡನೇ ಸ್ಥಾನ ಪಡೆದು ನೇರ ಪ್ರೀಮಿಯರ್ ಲೀಗ್‌ಗೆ ಏರಿತು. 2011ರ ಏಪ್ರಿಲ್‌ನಲ್ಲಿ ಡರ್ಬಿ ಕೌಂಟಿ ವಿರುದ್ಧ ಸಿಮಿಯನ್ ಜಾಕ್ಸನ್ ಕಟ್ಟಕಡೆಯ ಕ್ಷಣದಲ್ಲಿ ಮೂರನೇ ಗೋಲು ಹೊಡೆದು 3–2ರಿಂದ ಗೆಲ್ಲಿಸಿದ್ದನ್ನು ಆ ಊರಿನವರು ಈಗಲೂ ಮೆಲುಕು ಹಾಕುತ್ತಾರೆ. ಪ್ರೀಮಿಯರ್ ಲೀಗ್‌ನಲ್ಲೂ ಲ್ಯಾಂಬರ್ಟ್ ದೊಡ್ಡ ಹೆಸರುಗಳ ಬೆನ್ನುಹತ್ತಲಿಲ್ಲ. ಕೆಳದರ್ಜೆಯಲ್ಲಿ ಬೆವರು ಸುರಿಸಿದ್ದ ಗ್ರಾಂಟ್ ಹೋಲ್ಟ್, ಸ್ಟೀವ್ ಮಾರಿಸನ್ ತರಹದವರನ್ನೇ ನಂಬಿದರು. ಹೋಲ್ಟ್ 15 ಗೋಲು ಹೊಡೆದರು, ತಂಡ 12ನೇ ಸ್ಥಾನದಲ್ಲಿ ನಿಂತಿತು. ಕೋಚ್ ಆಗಿ ಲ್ಯಾಂಬರ್ಟ್ ಮಾಡಿದ ಅತ್ಯುತ್ತಮ ಕೆಲಸ ಈ ಮೂರು ವರ್ಷದ್ದೇ.

2012ರಲ್ಲಿ ಆಸ್ಟನ್ ವಿಲ್ಲಾ ಕರೆಯಿತು. ಹೆಸರು ದೊಡ್ಡದು, ಆದರೆ ಖಜಾನೆಗೆ ಬೀಗ ಬಿದ್ದಿತ್ತು. ದುಬಾರಿ ಸಂಬಳದವರನ್ನು ಬದಿಗಿಟ್ಟು ಹುಡುಗರನ್ನು ಕಟ್ಟಿಕೊಂಡು ಹೋಗಬೇಕಿತ್ತು. ಬೆಲ್ಜಿಯಂನಿಂದ ತಂದ ಕ್ರಿಶ್ಚಿಯನ್ ಬೆಂಟೆಕೆ ಮೊದಲ ವರ್ಷವೇ 19 ಲೀಗ್ ಗೋಲು ಹೊಡೆದದ್ದು ಲ್ಯಾಂಬರ್ಟ್ ಕಣ್ಣಿಗೆ ಸಲ್ಲಬೇಕಾದ ಮೆಚ್ಚುಗೆ. ಆದರೆ ಅದೇ ಡಿಸೆಂಬರ್‌ನಲ್ಲಿ ಒಂದೇ ವಾರದಲ್ಲಿ ಚೆಲ್ಸಿ ಎಂಟು, ಟಾಟನ್‌ಹ್ಯಾಮ್ ನಾಲ್ಕು, ವಿಗನ್ ಮೂರು ಗೋಲು ಬಾರಿಸಿದವು. ವಿಲ್ಲಾ ಒಂದನ್ನೂ ಹೊಡೆಯಲಿಲ್ಲ. ಲೀಗ್ ಕಪ್ ಸೆಮಿಫೈನಲ್‌ನಲ್ಲಿ ನಾಲ್ಕನೇ ದರ್ಜೆಯ ಬ್ರಾಡ್‌ಫರ್ಡ್ ಎದುರು ಸೋತಾಗ, ಒಂದು ಕಾಲಕ್ಕೆ ವಿಕಂಬ್‌ನೊಂದಿಗೆ ದೊಡ್ಡವರನ್ನು ಬೆದರಿಸಿದ್ದ ಕೋಚ್ ಈಗ ಬೆದರುವವರ ಸಾಲಿನಲ್ಲಿದ್ದರು. ಎರಡು ಋತು ಹೇಗೋ 15ನೇ ಸ್ಥಾನ ಸಿಕ್ಕಿತು. ಮೂರನೆಯದರಲ್ಲಿ 25 ಲೀಗ್ ಪಂದ್ಯಗಳಿಗೆ ಬರೀ 12 ಗೋಲು. 2015ರ ಫೆಬ್ರುವರಿಯಲ್ಲಿ ಕೆಲಸ ಹೋಯಿತು. ಮಾಲೀಕರ ಜಿಪುಣತನವನ್ನು ಎಷ್ಟೇ ದೂರಿದರೂ ಆ ಗೋಲಿನ ಬರ ಮ್ಯಾನೇಜರ್ ಲೆಕ್ಕಕ್ಕೇ ಬರಬೇಕು.

ಬ್ಲ್ಯಾಕ್‌ಬರ್ನ್, ವುಲ್ವ್ಸ್, ಸ್ಟೋಕ್ ಸಿಟಿ ಒಂದರ ಹಿಂದೊಂದು ಬಂದು ಹೋದವು. ಎಲ್ಲೂ ವರ್ಷ ತುಂಬಲಿಲ್ಲ. 2018ರಲ್ಲಿ ಅವರು ಇಪ್ಸ್‌ವಿಚ್ ಟೌನ್‌ಗೆ ಹೋದದ್ದು ನಾರ್ವಿಚ್ ಜನಕ್ಕೆ ಉರಿ ಹತ್ತಿಸಿತು, ಏಕೆಂದರೆ ಎರಡೂ ಊರುಗಳದು ಹಳೇ ವೈರ. 2019ರ ಫೆಬ್ರುವರಿಯಲ್ಲಿ ಕ್ಯಾರೋ ರೋಡ್‌ಗೆ ವೈರಿ ಪಾಳಯದಿಂದ ಬಂದ ಲ್ಯಾಂಬರ್ಟ್ ಮೊದಲಾರ್ಧ ಮುಗಿಯುವಾಗ ಎದ್ದ ಗಲಾಟೆಯಲ್ಲಿ ಕೆಂಪು ಕಾರ್ಡ್ ಕಂಡು ಹೊರನಡೆದರು. ನಾರ್ವಿಚ್ 3–0ಯಿಂದ ಗೆದ್ದಿತು. ಆ ಋತುವಿನ ಕೊನೆಗೆ ಇಪ್ಸ್‌ವಿಚ್ ಮೂರನೇ ದರ್ಜೆಗೆ ಇಳಿಯಿತು. ವಿಚಿತ್ರವೆಂದರೆ 2020ರ ಹೊಸ ವರ್ಷದ ದಿನ ಕ್ಲಬ್ ಅವರಿಗೆ 2025ರವರೆಗಿನ ಒಪ್ಪಂದ ಕೊಟ್ಟಿತು. 2021ರ ಫೆಬ್ರುವರಿ ಮುಗಿಯುವಷ್ಟರಲ್ಲಿ ಎರಡೂ ಕಡೆಯವರು ಒಪ್ಪಿ ಅದನ್ನು ಕೊನೆಗೊಳಿಸಿದರು.