ನಿಮಗಿದು ಗೊತ್ತೇ? ಸಿಂಗಾನಲ್ಲೂರಿನ ಹೆಜ್ಜೆ, ಮಾದಪ್ಪನ ತಾಳ

ಡಾ. ರಾಜ್‌ಕುಮಾರ್ ಅವರ ಪೂರ್ತಿ ಹೆಸರು ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜು. ಸಿಂಗಾನಲ್ಲೂರು ಕೊಳ್ಳೇಗಾಲ ಸೀಮೆಯ ಊರು. ಅಣ್ಣಾವ್ರು 1929ರ ಏಪ್ರಿಲ್ 24ರಂದು ಗಾಜನೂರಿನಲ್ಲಿ ಹುಟ್ಟಿದಾಗ ಈ ಎರಡೂ ಊರುಗಳು ಮದರಾಸು ಪ್ರಾಂತ್ಯದಲ್ಲಿದ್ದವು. 1956ರ ನವೆಂಬರ್ 1ಕ್ಕೆ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ಗಾಜನೂರು ಗಡಿಯಾಚೆಯೇ ಉಳಿಯಿತು.

ಎಮ್ಮೆಯ ಬೆನ್ನೇರಿ ಹಾಡುತ್ತಾ ಬರುವ ರಾಜ್ ಯಾರಿಗೆ ನೆನಪಿಲ್ಲ? ಅದು 1974ರ ‘ಸಂಪತ್ತಿಗೆ ಸವಾಲ್’. ಪಿ.ಬಿ. ಧುತ್ತರಗಿಯವರ ಕಂಪನಿ ನಾಟಕವೇ ಅದರ ಮೂಲ. ಅಲ್ಲಿಯವರೆಗೆ ತೆರೆಯ ಮೇಲಿನ ರಾಜ್‌ಗೆ ಹೆಚ್ಚಾಗಿ ಪಿ.ಬಿ. ಶ್ರೀನಿವಾಸ್ ಕಂಠವಿತ್ತು. ಆ ಎಮ್ಮೆ ಸವಾರಿಯಿಂದ ಮುಂದೆ ರಾಜ್ ಹೆಚ್ಚಾಗಿ ತಮ್ಮ ಹಾಡು ತಾವೇ ಹಾಡಿದರು.

ಶಾಲೆಯ ಮೆಟ್ಟಿಲನ್ನು ಚಿಕ್ಕಂದಿನಲ್ಲೇ ಇಳಿದವರು ಇಡೀ ಹಾಡನ್ನು ಇಂಗ್ಲಿಷಿನಲ್ಲಿ ಹಾಡಿದ್ದು 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ. ನಿರ್ದೇಶನ ದೊರೈ-ಭಗವಾನ್, ಸಂಗೀತ ಜಿ.ಕೆ. ವೆಂಕಟೇಶ್. ಸಿಐಡಿ 999 ಸರಣಿಯ ನಾಲ್ಕನೆಯ ಚಿತ್ರವಿದು. ಮೊದಲನೆಯದು 1968ರ ‘ಜೇಡರ ಬಲೆ’. ‘ಇಫ್ ಯು ಕಮ್ ಟುಡೇ’ ಎಂಬ ಆ ಹಾಡು ದಶಕಗಳ ನಂತರ ಅಂತರ್ಜಾಲದಲ್ಲಿ ಕನ್ನಡವೇ ಬಾರದವರ ಬಾಯಿಗೂ ಬಂತು. ಕೆಲವರು ಆ ಉಚ್ಚಾರಣೆಗೆ ನಕ್ಕರು. ನನ್ನ ಮಾತು ಇಷ್ಟೇ: ಅದು ನಗಿಸಲೆಂದೇ ಹುಟ್ಟಿದ ತುಂಟ ಹಾಡು. ಐವತ್ತರ ಅಂಚಿನ ನಟ ಅಳುಕಿಲ್ಲದೆ ಕುಣಿದಿದ್ದಾರೆ, ಒಂದು ಕಡೆಯೂ ತಾಳ ತಪ್ಪಿಲ್ಲ. ಕಂಪನಿ ನಾಟಕದಲ್ಲಿ ಪಳಗಿದ ಗಂಟಲಿಗೆ ಮಾತ್ರ ಅದು ಸಾಧ್ಯ.



ಇನ್ನು ಅಣ್ಣಾವ್ರ ಇದೇ ಸೀಮೆಯ ಜನಪದ ಕುಣಿತ ಕಂಸಾಳೆ. ಎಡಗೈಯಲ್ಲಿ ಬಟ್ಟಲಿನಾಕಾರದ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಬೀಸು ಕಂಸಾಳೆಯಲ್ಲಿ ಆ ಚಪ್ಪಟೆ ತಾಳ ತಲೆಯ ಮೇಲೆ, ಬೆನ್ನ ಹಿಂದೆ, ಮಂಡಿಯ ಕೆಳಗೆ ಸುತ್ತಿ ಬಂದು ಸರಿಯಾದ ಪೆಟ್ಟಿಗೆ ಬಟ್ಟಲಿಗೆ ಬಡಿಯಬೇಕು, ಕೆಲವೊಮ್ಮೆ ಎದುರಿನವನ ಬಟ್ಟಲಿಗೆ! ಇದನ್ನು ಹಿಡಿಯುವವರು ಮಾದಪ್ಪನಿಗೆ, ಅಂದರೆ ಮಲೆ ಮಹದೇಶ್ವರನಿಗೆ, ನಡೆದುಕೊಳ್ಳುವ ದೇವರಗುಡ್ಡರು.

ಜನಪದದ ಈ ಸೊಗಡನ್ನು ಮನೆಮನೆಗೆ ಮುಟ್ಟಿಸಿದ ಚಿತ್ರಗಳಲ್ಲಿ 1996ರ ‘ಜನುಮದ ಜೋಡಿ’ಗೆ ದೊಡ್ಡ ಪಾಲಿದೆ. ಟಿ.ಎಸ್. ನಾಗಾಭರಣ ನಿರ್ದೇಶನ, ವಿ. ಮನೋಹರ್ ಸಂಗೀತ. ಕಥೆ ಮಾತ್ರ ಗುಜರಾತಿನದು. ಜ್ಞಾನಪೀಠ ಪುರಸ್ಕೃತ ಪನ್ನಾಲಾಲ್ ಪಟೇಲರ ಕಾದಂಬರಿ ಆಧಾರ. ‘ಕೋಲುಮಂಡೆ’ ಹಾಡಿದ ಎಲ್.ಎನ್. ಶಾಸ್ತ್ರಿ ಅವರಿಗೆ ರಾಜ್ಯ ಪ್ರಶಸ್ತಿ ಬಂತು.

2021ರಲ್ಲಿ ಮಾದಪ್ಪನ ಹಾಡು ಕರಾವಳಿಗೂ ಇಳಿಯಿತು. ‘ಗರುಡ ಗಮನ ವೃಷಭ ವಾಹನ’ದಲ್ಲಿ ‘ಸೋಜುಗಾದ ಸೂಜು ಮಲ್ಲಿಗೆ’ಗೆ ರಾಜ್ ಬಿ. ಶೆಟ್ಟಿ ಇಟ್ಟದ್ದು ಹುಲಿವೇಷದ ಹೆಜ್ಜೆ. ಮಂಗಳೂರಿನ ಕುಣಿತಕ್ಕೆ ಮಲೆ ಮಹದೇಶ್ವರನ ಹಾಡು! ವಿಮರ್ಶಕರು ಮೆಚ್ಚಿ ಬರೆದ ದೃಶ್ಯವಿದು.

ಶಿವರಾತ್ರಿ, ಯುಗಾದಿ, ದೀಪಾವಳಿಗೆ ಹನೂರು ತಾಲ್ಲೂಕಿನ ಮಾದಪ್ಪನ ಬೆಟ್ಟದಲ್ಲಿ ಜಾತ್ರೆ. ಹೋದಾಗ ಕಂಸಾಳೆಯವರು ಕಂಡರೆ ನಿಂತು ನೋಡಿ, ಅವರ ಹೆಸರು, ಊರು ಕೇಳಿಕೊಂಡು ಬನ್ನಿ.